ಒಬ್ಬರೇ ನುಡಿಸಿದ ಗಿಟಾರು

ಎಪ್ಪತ್ತರ ದಶಕದಲ್ಲಿ ಹೊಸದುರ್ಗದ ನಮ್ಮ ಮನೆಯ ಹಿಂದಿನ ಕೋಣೆಯನ್ನು ತಾಲ್ಲೂಕು ಕಚೇರಿಗೆ ವರ್ಗವಾಗಿ ಬಂದ ಗುಮಾಸ್ತರೊಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದೆ. ಬೆಂಗಳೂರಿನವರು, ಮದುವೆಯಾಗಿರಲಿಲ್ಲ. ಒಬ್ಬರೇ ಇರಬೇಕು ಎಂಬುದು ನನ್ನ ಷರತ್ತು. ತಂದದ್ದು ಒಂದು ಟ್ರಂಕು, ಒಂದು ಗಿಟಾರು. ಬಲಗೈ ಉಗುರು ಬೆಳೆಸಿದ್ದರು, ಎಡಗೈಯದನ್ನು ಬುಡದವರೆಗೆ ಕತ್ತರಿಸಿದ್ದರು. ಎರಡು ಕೈಗೆ ಎರಡು ನ್ಯಾಯ ಮಾಡುವವರನ್ನು ನಂಬಬಹುದೇ ಎಂದು ಒಂದು ವಾರ ಚಿಂತಿಸಿದೆ. ಆಗ ನನಗೆ ಮೂವತ್ತು. ಚಿಂತೆಯಲ್ಲಿ ಮಾತ್ರ ಆಗಲೇ ಐವತ್ತರ ಅನುಭವ.

ಸಂಜೆ ಅವರು ಬಾಗಿಲು ಹಾಕಿಕೊಂಡು ನುಡಿಸುತ್ತಿದ್ದರು. ಮದುವೆ ಆರ್ಕೆಸ್ಟ್ರಾದ ಗಿಟಾರಿನಂತಿರಲಿಲ್ಲ. ಕೆಳಗೆ ದಪ್ಪ ದನಿಯೊಂದು ನಿಧಾನವಾಗಿ ನಡೆಯುತ್ತಿದ್ದರೆ, ಮೇಲೆ ಸಣ್ಣ ದನಿಯೊಂದು ಓಡಾಡುತ್ತಿತ್ತು.

“ಒಳಗೆ ಇಬ್ರು ಅದಾರೆ ಕಣ್ರಿ,” ಅಂದಳು ಹೆಂಡತಿ, ಕಾಯಿ ತುರಿಯುತ್ತಾ.

“ಗಿಟಾರು ಒಂದೇ ಐತೆ.”

“ಟ್ರಂಕು ತೆಗ್ಸಿ ನೋಡೀರಾ?”

ನೋಡಿರಲಿಲ್ಲ. ಅಂದಿನಿಂದ ಬಟ್ಟೆ ಒಣಹಾಕುವ ಹಗ್ಗದಲ್ಲಿನ ಅವರ ಟವೆಲಿನ ಮೇಲೆ ಕಣ್ಣಿಟ್ಟೆ. ಒಂದು ಭಾನುವಾರ ಮಧ್ಯಾಹ್ನ ಎರಡು ಟವೆಲು ಇದ್ದವು. ಒಳಗಿಂದ ದನಿಯೂ ಎರಡು. ಹೋಗಿ ಬಾಗಿಲು ಬಡಿದೆ.

ಬಾಗಿಲು ತೆಗೆದವರ ಮುಖದ ತುಂಬ ಬೆವರು. ಹಿಂದೆ ಮೇಜಿನ ಮೇಲೆ ಟೇಪ್ ರೆಕಾರ್ಡರು ಇನ್ನೂ ತಿರುಗುತ್ತಿತ್ತು.

“ಒಂದು ನಿಮಿಷ ತಡೆದಿದ್ದರೆ ಮುಗೀತಿತ್ತು ಸಾರ್,” ಅಂದರು, ಮೆಲ್ಲಗೆ.

ಮದರಾಸಿನ ಸಣ್ಣ ಗ್ರಾಮಫೋನ್ ಕಂಪನಿಯೊಂದು ನುಡಿಸಿದ್ದರ ಮಾದರಿ ಕಳಿಸಲು ಬರೆದಿತ್ತಂತೆ. ಹಿಡಿಸಿದರೆ ರೆಕಾರ್ಡ್ ಮಾಡುತ್ತಾರೆ. ಹತ್ತು ವರ್ಷ ಕಾಗದ ಬರೆದ ಮೇಲೆ ಬಂದ ಮೊದಲ ಉತ್ತರ. ಟೇಪ್ ರೆಕಾರ್ಡರು ಚಿತ್ರದುರ್ಗದ ಫೋಟೊ ಸ್ಟುಡಿಯೊದವರದು, ಐದರ ಬಸ್ಸಿಗೆ ವಾಪಸು ಹೋಗಬೇಕು. ಮೊದಲ ಸಲ ಬಸ್ಸಿನ ಹಾರ್ನು ಕೆಡಿಸಿತ್ತು, ಎರಡನೆಯ ಸಲ ಕತ್ತೆ, ಮೂರನೆಯ ಸಲ ನಾನು. ಬಸ್ಸಿಗೆ ಮೊದಲು ಇನ್ನೊಂದೇ ಸಲಕ್ಕೆ ಹೊತ್ತು ಉಳಿದಿತ್ತು.

“ನಾನು ಒಳಗೇ ಕುಂತು ಕಾಯ್ತೀನಿ. ಯಾರೂ ಬರದಂಗೆ ನೋಡ್ಕಂತೀನಿ,” ಅಂದೆ.

“ಕೆಮ್ಮಬಾರದು ಸಾರ್.”

ಅವರು ತಂತಿ ಬಿಗಿಮಾಡಲು ಬಗ್ಗಿದಾಗ ಪಂಚೆ ಸರಿಮಾಡಿಕೊಳ್ಳುವ ನೆಪದಲ್ಲಿ ಮಂಚದ ಕೆಳಗೆ ನೋಡಿದೆ. ಟ್ರಂಕು, ಒಂದು ಜೊತೆ ಚಪ್ಪಲಿ.

ಎಡಗಾಲನ್ನು ಇಟ್ಟಿಗೆಯ ಮೇಲಿಟ್ಟು ಶುರುಮಾಡಿದರು. ಹೆಬ್ಬೆರಳು ದಪ್ಪ ತಂತಿಗಳನ್ನು ನೋಡಿಕೊಳ್ಳುತ್ತಿತ್ತು, ಉಳಿದ ಬೆರಳುಗಳು ಸಣ್ಣವನ್ನು. ಇಬ್ಬರೂ ಒಂದೇ ಕೈಯಲ್ಲಿದ್ದರು. ನನಗೆ ಅಷ್ಟು ಸಾಕ್ಷಿ ಸಾಲಲಿಲ್ಲ, ಬಾಯಲ್ಲೇನಾದರೂ ಗುನುಗುತ್ತಾರೋ ಎಂದು ತುಟಿ ನೋಡಿದೆ. ಅಷ್ಟರಲ್ಲಿ ಕಿಟಕಿಯಾಚೆ, ನನ್ನನ್ನು ಹುಡುಕಿಕೊಂಡು ಬಂದ ಹೆಂಡತಿ ಕೂಗಲು ಬಾಯಿ ತೆರೆದಳು. ನಾನು ಎರಡೂ ಕೈ ಎತ್ತಿ ಮುಗಿದೆ. ಮದುವೆಯಾದಾಗಿನಿಂದ ಕಾಣದ್ದನ್ನು ಕಂಡು ಅವಳು ಹಾಗೇ ನಿಂತಳು. ಅವಳಿದ್ದ ಕಡೆಯಿಂದ ನಾನೊಬ್ಬನೇ ಕಾಣುತ್ತಿದ್ದೆ, ನುಡಿಸುವವರು ಕಾಣುತ್ತಿರಲಿಲ್ಲ. ಕೊನೆಯ ತಂತಿಯ ದನಿ ಆರುವವರೆಗೂ ನಾನು ಕೈ ಇಳಿಸಲಿಲ್ಲ.

ಟೇಪು ಮದರಾಸಿಗೆ ಹೋಯಿತು, ಕಂಪನಿ ಅವರನ್ನು ಕರೆಸಿಕೊಂಡಿತು. ರೆಕಾರ್ಡ್ ಬರುವ ಹೊತ್ತಿಗೆ ಅವರಿಗೆ ಹೊಳಲ್ಕೆರೆಗೆ ವರ್ಗವಾಗಿತ್ತು. ನಮಗೊಂದನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿದರು. ರೇಡಿಯೊ ಅಂಗಡಿಯಲ್ಲಿ ಹಾಕಿಸಿ ಕೇಳಿದೆವು.

“ನಾ ಹೇಳಿರ್ಲಿಲ್ವಾ, ಇಬ್ರು ಅದಾರೆ,” ಅಂದಳು ಹೆಂಡತಿ.

“ಒಬ್ರೇ ನುಡ್ಸಿದ್ದು ಅಂತ ಕವರಿನ ಮೇಲೇ ಅಚ್ಚಾಗೈತಲ್ಲ.”

“ಅಚ್ಚಾಗಿದ್ದೆಲ್ಲ ನಿಜಾನಾ?”

“ನಾನೇ ಎದುರಿಗೆ ಕುಂತು ನೋಡೀನಿ.”

“ಮಂಚದ ಕೆಳಗೆ ನೋಡಿದ್ರಾ?”

ಅಂಗಡಿಯವನು ನನ್ನ ಮುಖವನ್ನೇ ನೋಡುತ್ತಿದ್ದ. “ಛೆ, ಅಂಥ ಮನುಷ್ಯನಾ ನಾನು?” ಅಂದೆ.

ಅವಳು ನಂಬಿದಳೋ ಇಲ್ಲವೋ, ಆ ಅನುಮಾನ ಈಗಲೂ ಇದೆ.