ಕಿವಿ ಕಚ್ಚಿದ ಕುದುರೆ

ಹಳ್ಳಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಮುದುಕರಿಗೂ ಅವಳು ಆಟದಕ್ಕ. ಮೂರು ವರ್ಷದೊಳಗಿನ ಮಕ್ಕಳನ್ನೂ ಹೆತ್ತವರನ್ನೂ ವಾರಕ್ಕೊಮ್ಮೆ ಒಂದು ಕೋಣೆಯಲ್ಲಿ ಕೂರಿಸಿ, ಕೂಸಿನ ಜೊತೆ ಹೇಗೆ ಮಾತಾಡಬೇಕು, ಹೇಗೆ ಆಡಬೇಕು ಎಂದು ತೋರಿಸಿಕೊಡುವುದು ಅವಳ ಕೆಲಸ. ಅದಕ್ಕೆಂದೇ ಕಚೇರಿಯಿಂದ ಆಟಿಕೆಗಳು ಬಂದಿದ್ದವು. ಜೊತೆಗೆ ಗಾಜಿನ ಬಾಗಿಲಿನ ಕಪಾಟು, ಒಂದು ಬೀಗ, ಮೇಲ್ವಿಚಾರಕಿಯ ಅಪ್ಪಣೆ: ತಾವು ನೋಡಲು ಬಂದಾಗ ಎಲ್ಲವೂ ಹೊಸದರಂತೆ ಇರಬೇಕು.

ಅಂಗಡಿಯವನೂ ಗಾಜಿನ ಹಿಂದೆ ಮಾಲು ಇಡುತ್ತಾನೆ. ಆದರೆ ಗಿರಾಕಿ ಬೆರಳು ತೋರಿಸಿದರೆ ತೆಗೆದುಕೊಡುತ್ತಾನೆ. ಇಲ್ಲಿ ಹತ್ತು ತಿಂಗಳು ಮಕ್ಕಳು ಗಾಜು ನೆಕ್ಕಿದ್ದೇ ಬಂತು. ಅದು ಕುದುರೆ, ಅದು ಡೋಲು ಎಂದು ಆಟದಕ್ಕ ಹೊರಗೆ ನಿಂತು ಪಾಠ ಹೇಳುತ್ತಿದ್ದಳು. ಎಲ್ಲರೂ ಹೋದ ಮೇಲೆ ಗಾಜಿನ ಎಂಜಲು ಒರೆಸುವಾಗ ತನ್ನ ಮೇಲೇ ಸಿಟ್ಟು ಉಕ್ಕುತ್ತಿತ್ತು.

ಅಲ್ಲಿಗೆ ಬರುತ್ತಿದ್ದ ಗಾರೆ ಕೆಲಸದವನೊಬ್ಬನ ಮಗಳಿಗೆ ಎರಡು ವರ್ಷ ತುಂಬಿತ್ತು. ಅಪ್ಪನ ಮಡಿಲು ಬಿಟ್ಟು ಇಳಿಯದು, ತುಟಿ ಬಿಚ್ಚದು. ಕೂಲಿ ಬಿಟ್ಟು ಬಂದು ಕೂತಿದ್ದ ಅವನು ಒಂದು ದಿನ ಕೊಂಕು ತೆಗೆದ.

"ಅಕ್ಕಾ, ಬರೀ ನೋಡೋಕೆ ಆದ್ರೆ ಗೋಡೆ ಮೇಲೆ ಚಿತ್ರ ಬರೆಸಿಬಿಡಿ. ಸುಣ್ಣ ನಾನೇ ಹೊಡ್ದು ಕೊಡ್ತೀನಿ."

ಮಾತು ನಾಟಿತು. ಆಟದಕ್ಕ ಆ ಕ್ಷಣವೇ ಬೀಗ ತೆಗೆದು ಗಾಲಿಯ ಮರದ ಕುದುರೆಯನ್ನು ಮಗುವಿನತ್ತ ಉರುಳಿಸಿದಳು. ಅಂದಿನಿಂದ ಪ್ರತಿ ವಾರ ಎಲ್ಲ ಆಟಿಕೆಗಳೂ ಮಕ್ಕಳ ಕೈಗೆ ಬಂದವು. ಮೂರನೇ ವಾರ ಮಗು ಮಡಿಲಿನಿಂದ ಜಾರಿ ಕುದುರೆಯ ಕಿವಿ ಕಚ್ಚಿತು. ಐದನೇ ವಾರ ಕುದುರೆಯ ಮೂತಿಯನ್ನು ಅಪ್ಪನ ಗಡ್ಡಕ್ಕೆ ಒತ್ತಿ, "ತಿನ್ನು" ಎಂದಿತು. ಮಗಳ ಬಾಯಿಂದ ಬಂದ ಮೊದಲ ಮಾತು. ಅವನು ಕಣ್ಣೊರೆಸಿಕೊಂಡು, ಸಿಮೆಂಟಿನ ಧೂಳು ಎಂದ.

ಆಮೇಲೆ ಮೇಲ್ವಿಚಾರಕಿ ಬಂದರು. ಒಂದು ಮಗುವಿನ ಮುಖವನ್ನೂ ನೋಡಲಿಲ್ಲ. ಡೋಲು ಹರಿದಿದೆ, ಕುದುರೆಯ ಬಣ್ಣ ಹೋಗಿದೆ, ಕಿವಿಯ ತುಂಬ ಹಲ್ಲಿನ ಗುರುತು ಎಂದು ಬರೆದುಕೊಂಡರು. ಪಕ್ಕದ ಹಳ್ಳಿಯಲ್ಲಿ ಆಟಿಕೆಗಳ ಪ್ಲಾಸ್ಟಿಕ್ ಕವರನ್ನೇ ಬಿಚ್ಚಿಲ್ಲವಂತೆ. ಅದು ಮಾದರಿ ಕೇಂದ್ರವಂತೆ. ಇನ್ನು ಬೀಗ ತೆಗೆಯುವುದಿಲ್ಲ ಎಂದು ಬರೆದುಕೊಟ್ಟರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಕೀಲಿ ಒಪ್ಪಿಸಿ ಹೊರಡಬೇಕು.

ಆಟದಕ್ಕ ಕುದುರೆಯನ್ನು ಎತ್ತಿ ಮೇಜಿನ ಮೇಲಿಟ್ಟಳು.

"ಮೇಡಂ, ಹತ್ತು ತಿಂಗಳು ಸಂಬಳ ತಗೊಂಡು ಗಾಜು ಒರೆಸಿದೀನಿ. ನಾನು ಮಾಡಿದ ಕೆಲಸ ಅಂತ ಏನಾದ್ರೂ ಇದ್ರೆ ಈ ಕಿವಿ ಮೇಲಿದೆ, ನೋಡ್ಕೊಳ್ಳಿ."

ಪಕ್ಕದಲ್ಲಿ ಕೀಲಿಯನ್ನೂ ಇಟ್ಟಳು.

ಅವಳ ಜಾಗಕ್ಕೆ ಬಂದವಳು ಬೀಗವನ್ನು ಎರಡು ಸಲ ಎಳೆದು ನೋಡುವಷ್ಟು ಜವಾಬ್ದಾರಿಯವಳು. ಆ ವರ್ಷ ಕೇಂದ್ರಕ್ಕೆ ಒಳ್ಳೆಯ ಹೆಸರು ಬಂತು. ಆಟಿಕೆ ಒಂದೂ ಮುರಿದಿರಲಿಲ್ಲ. ಮಕ್ಕಳು ಅತ್ತ ಸುಳಿದರೆ ತಾನೇ? ಅವರೆಲ್ಲ ಆಟದಕ್ಕನ ಮನೆಯ ಜಗಲಿಯಲ್ಲಿ ಪಾತ್ರೆಯ ಮುಚ್ಚಳ ಬಡಿಯುತ್ತಿದ್ದರು. ಗಾರೆಯವನು ಹಲಗೆಯ ತುಂಡು ಕೊಯ್ದು ತಾನೇ ಕುದುರೆಯೊಂದನ್ನು ಮಾಡಿ ತಂದಿದ್ದ. ಅದು ಕುದುರೆಗಿಂತ ಬೂಟಿಗೆ ಹತ್ತಿರವಿತ್ತು. ಮಗಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕಿವಿ ಇರಬೇಕಾದ ಕಡೆ ಹುಡುಕಿ ಕಚ್ಚಿದಳು.