ರಟ್ಟಿನ ಮಗ್ಗ

ಗೆಳೆಯರೇ, ಮಕ್ಕಳು ಕೈಯಿಂದ ಮಾಡಿ ಕಲಿಯಲೆಂದು ಇವತ್ತು ನನ್ನ ಮೂರನೇ ತರಗತಿಗೆ ರಟ್ಟಿನ ಪುಟ್ಟ ಮಗ್ಗಗಳನ್ನು ಕೊಟ್ಟೆ. ದಾರ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಬೆಸ, ಸಮ ಸಂಖ್ಯೆ ತಾನಾಗಿ ತಿಳಿಯುತ್ತದೆ. ಸಂಜೆ ಬೆಟಗೇರಿಯ ನೇಕಾರರ ಮನೆಯ ತಾಯಿಯೊಬ್ಬರು ಮಗಳ ರಟ್ಟನ್ನು ಹಿಡಿದುಕೊಂಡೇ ಬಂದರು.

“ಟೀಚರ್, ಮಗ್ಗ ತಪ್ಪಲಿ ಅಂತನ ಈಕಿನ್ನ ಶಾಲಿಗೆ ಹಚ್ಚೇವ್ರಿ. ನೀವೂ ಅದನ್ನ ಕೈಗೆ ಕೊಟ್ರ ಹೆಂಗ್ರಿ?”

“ಆಟದಾಗ ಲೆಕ್ಕ ಕಲೀತಾರ್ರಿ ಅಕ್ಕಾರ. ನನ್ನ ಮಗಳೂ ಮನ್ಯಾಗ ಮಾಡ್ತಾಳ.”

“ನಿಮ್ಮ ಮಗಳಿಗೆ ಅದು ಆಟರೀ. ನಮ್ಮಕಿಗೆ ನಾಳೆ ಅದ ಕೆಲಸ ಆಗ್ತೈತಿ.”

ಅವರು ಹೋದ ಮೇಲೆ ನಮ್ಮ ತರಬೇತಿಯಲ್ಲಿ ಕೊಟ್ಟ ಪಾಠಪಟ್ಟಿ ತೆಗೆದು ನೋಡಿದೆ. ನಾಳೆ ಜೇಡಿಮಣ್ಣಿನಲ್ಲಿ ಆಕಾರ ಮಾಡಿಸುವ ಪಾಠವಿದೆ. ಮುಂದಿನ ಸಾಲಿನಲ್ಲೇ ಕುಂಬಾರರ ಹುಡುಗ ಕೂರುತ್ತಾನೆ.