ಎದುರಿನವರ ಪರವಾಗಿ

ಅದು ಗುರುವಾರ. ನಮ್ಮವರು ಮಧ್ಯಾಹ್ನ ನಗುತ್ತಲೇ ಮನೆಗೆ ಬಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ತೊಳೆಯುವ ಮೊದಲೇ, "ಮುದಗಲ್ ಹುಡುಗ ಇವತ್ತು ತನ್ನೂರ ಕೋಟೇನ ತಾನೇ ಗೆದ್ದುಬಿಟ್ಟ. ಗೆದ್ದ ಮ್ಯಾಲೆ ಅಳುಮಾರಿ ಮಾಡಿ ಕುಂತ," ಎಂದರು.

"ನೀ ಮೊದಲ ರೊಟ್ಟಿ ಗೆಲ್ಲು ಬಾ, ಆರಾಕತ್ತಾವ," ಎಂದರು ಅತ್ತೆ.

ಮೂವರೂ ನಕ್ಕೆವು. ಮರುದಿನ ನಮಾಜು ಮುಗಿಸಿ ಅವರು ಬಂಡಿಯಲ್ಲಿ ಸಿಂಧನೂರಿಗೆ ಹೋದರು. ಅಲ್ಲೊಬ್ಬ ಮುದುಕ ಸಿಪಾಯಿಯ ಬಾಯಿಂದ ಹಳೆಯ ದಂಡಿನ ಸಂಗತಿ ಕೇಳುವುದಿತ್ತು. ತಿರುಗಿ ಬರುವಷ್ಟರಲ್ಲಿ ಕಾಲರಾ ಹಿಡಿದಿತ್ತು. ಮಂಗಳವಾರ ಅವರನ್ನು ಮಣ್ಣು ಮಾಡಿದರು.

ಆಗ ಲಿಂಗಸುಗೂರಿನ ಹಳೆಯ ದಂಡಿನ ಛಾವಣಿಯಲ್ಲಿ ನಿಜಾಮರ ಸೈನ್ಯಕ್ಕೆ ಹುಡುಗರನ್ನು ತಯಾರು ಮಾಡುವ ಸಣ್ಣದೊಂದು ಫೌಜಿ ಶಾಲೆ ಇತ್ತು. ನಮ್ಮವರು ಅಲ್ಲಿ ಇತಿಹಾಸ ಕಲಿಸುವ ಉಸ್ತಾದರು. ಉರ್ದು ಪುಸ್ತಕದ ತುಂಬ ಬಾದಶಹರು, ಗೆದ್ದ ಕೋಟೆಗಳು. ಗುರುವಾರ ಕವಾಯತು ಮುಗಿದ ಮೇಲೆ ಅವರು ಆ ಪುಸ್ತಕ ಮುಚ್ಚಿಸಿ, ಹುಡುಗರನ್ನು ಬೇವಿನ ಮರದ ಕೆಳಗೆ ಕೂಡಿಸಿ ಮಾತಿಗೆ ಹಚ್ಚುತ್ತಿದ್ದರು. ಅಲ್ಲಿದ್ದದ್ದು ಒಂದೇ ಕಟ್ಟಳೆ: ಯಾರೂ ತಮ್ಮ ಕಡೆಯ ಮಾತು ಆಡಬಾರದು, ಎದುರಿನವರ ಮಾತು ಆಡಬೇಕು. ವಿಜಯನಗರದ ಪರ ಮುಸಲ್ಮಾನರ ಹುಡುಗ ನಿಲ್ಲಬೇಕು, ಸುಲ್ತಾನರ ಪರ ಲಿಂಗಾಯತರ ಹುಡುಗ. ಮುದಗಲ್ಲಿನವನು ಮುದಗಲ್ ಕೋಟೆಯ ಹೊರಗೆ ನಿಂತ ದಂಡಿನವನಾಗಬೇಕು. "ಬಂದೂಕ ಹಿಡಿಯಾವ್ಗ ಗುಂಡು ಯಾರಿಗೆ ಬೀಳತೈತಿ ಅಂತ ಗೊತ್ತಿರಬೇಕು," ಎನ್ನುತ್ತಿದ್ದರು.

ಅವರು ಹೋದ ಕೆಲವೇ ದಿನಕ್ಕೆ ಶಾಲೆಯ ದೊಡ್ಡ ಸಾಹೇಬರು ಗುರುವಾರದ ಮಾತುಕತೆ ನಿಲ್ಲಿಸಿದರು. ಹೊಸ ಉಸ್ತಾದರು ಬರುವತನಕ ಪುಸ್ತಕ ಬಾಯಿಪಾಠವಾಗಲಿ ಎಂದು ಹುಕುಂ ಆಯಿತು. ಸುದ್ದಿ ಕೇಳಿ ನನಗೆ ಅವರನ್ನು ಮತ್ತೊಮ್ಮೆ ಮಣ್ಣು ಮಾಡಿದಂತಾಯಿತು. ನಮಗೆ ಮಕ್ಕಳಿರಲಿಲ್ಲ. ಅವರು ಈ ಲೋಕದಲ್ಲಿ ಬಿಟ್ಟುಹೋದದ್ದೆಂದರೆ ಆ ಮಾತುಕತೆಯೊಂದೇ. ಅದು ಉಳಿಯಬೇಕೆಂದು ನನಗೆ ಹಟ ಬಂತು. ಆದರೆ ನಾನು ಇದ್ದತ್ತಿನಲ್ಲಿದ್ದೆ. ಗಂಡ ತೀರಿಕೊಂಡವಳು ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟುವಂತಿಲ್ಲ. ದಾಟಿದ್ದರೂ ನನ್ನ ಮಾತು ಯಾರು ಕೇಳಬೇಕು? ಮಸ್ಕಿಯ ತವರಿನಲ್ಲಿ, ಪಕ್ಕದ ಮನೆಯ ಅಯ್ಯನವರ ಹತ್ತಿರ ಕಲಿತ ಕನ್ನಡ ಅಕ್ಷರವಷ್ಟೇ ನನ್ನ ಓದು.

ದಾರಿ ತೋರಿಸಿದ್ದು ಅತ್ತೆ. ಮಗನನ್ನು ಕಳೆದುಕೊಂಡ ಮೇಲೆ ಅವರು ನೆಟ್ಟಗೆ ಊಟ ಮಾಡಿರಲಿಲ್ಲ.

"ನೀ ಹೋಗಬ್ಯಾಡ, ಅವ್ರು ಬರ್ಲಿ. ನಡುವ ಪರದೆ ಕಟ್ಟೂನು. ನಾ ಬಾಗಿಲದಾಗ ಕುಂದರತೀನಿ, ಯಾರೇನಂತಾರ ನೋಡೂನು."

ಗುರುವಾರ ಮಧ್ಯಾಹ್ನ ಹುಡುಗರಿಗೆ ಸೂಟಿ. ಅತ್ತೆ ಹೇಳಿ ಕಳಿಸಿದರು. ಸಾಲು ಹಿಡಿದು, ಹೆಜ್ಜೆ ಕೂಡಿಸಿಕೊಂಡು ಬಂದು ಪಡಸಾಲೆಯಲ್ಲಿ ನಿಂತರು. ಮುಂದೇನು ಮಾಡಬೇಕೋ ತಿಳಿಯದೆ ಎಲ್ಲರೂ ಒಮ್ಮೆಲೇ ಪರದೆಗೆ ಸಲ್ಯೂಟ್ ಹೊಡೆದರು.

"ಯಾರಿಗೆ ಹೊಡಿತೀರಲೇ? ಅದು ನನ್ನ ಹಳೇ ಸೀರಿ!" ಎಂದರು ಅತ್ತೆ.

ಮಾತು ಮಾತ್ರ ಏಳಲಿಲ್ಲ. ಮುದಗಲ್ ಹುಡುಗ ದಂಡಿನ ಪರವಾಗಿ, "ನಾವು ಕೋಟೆ ತಗೊಳ್ಳಾಕ ಬಂದೀವ್ರಿ," ಎಂದ. ಕೋಟೆಯ ಒಳಗಿನವನಾದ ತುರ್ವಿಹಾಳದ ಹುಡುಗ ತಲೆ ತಗ್ಗಿಸಿ, "ತಗೋರಿ," ಎಂದ.

"ಹಿಂಗ ಕೊಡೂದಿದ್ರ ಅಷ್ಟೆತ್ತರ ಗ್ವಾಡಿ ಯಾಕ ಕಟ್ಟತಿದ್ರು? ಸತ್ತವರ ಮನಿ ಅಂತ ಮೆತ್ತಗಾಗಬ್ಯಾಡ್ರಿ. ನನ್ನ ಮಗ ಇದ್ದಿದ್ರ ನಗತಿದ್ದ," ಎಂದರು ಅತ್ತೆ.

ಆಗ ನಾನು ಪರದೆಯ ಈಚೆಯಿಂದ ಕೇಳಿದೆ: "ಕೋಟೆ ಬಾಗಿಲು ಮುಚ್ಚಿ ತಿಂಗಳಾತು ಅನ್ರಿ. ಒಳಗ ನೀರು ಹೊರಾವ್ರು ಯಾರು?"

"ಹೆಣಮಕ್ಕಳು, ಉಸ್ತಾನಿಮಾ," ಎಂದ ತುರ್ವಿಹಾಳದವನು. ಉಸ್ತಾದರ ಹೆಂಡತಿಯನ್ನು ಹುಡುಗರು ಕರೆಯುತ್ತಿದ್ದುದು ಹಾಗೆ.

"ಮತ್ತ ಅವ್ರನ್ನ ಕೇಳದ ಕೋಟೆ ಹೆಂಗ ಕೊಟ್ಟಿ?"

"ಹೊರಗೂ ನೀರಿಲ್ಲರೀ!" ಮುದಗಲ್ ಹುಡುಗ ನಡುವೆ ಬಾಯಿ ಹಾಕಿದ. "ನಮ್ಮ ಕುದುರಿ ಸಾಯಾಕತ್ತಾವ!"

"ಸಾಯ್ಲಿ. ಕರದಿದ್ದು ಯಾರಲೇ ನಿಮ್ಮನ್ನ?" ಎಂದ ತುರ್ವಿಹಾಳದವನು ತಲೆ ಎತ್ತಿ.

ಅಲ್ಲಿಂದ ಶುರುವಾದದ್ದು ಇಳಿಹೊತ್ತಿನ ಅಸರ್ ನಮಾಜಿನತನಕ ನಿಲ್ಲಲಿಲ್ಲ. ಜಗಳವೆಂದುಕೊಂಡು ನೆರೆಮನೆಯವರು ಇಣುಕಿ ಹೋದರು. ಅತ್ತೆ ಅಂದು ಎರಡು ರೊಟ್ಟಿ ತಿಂದರು.

ಇನ್ನೊಂದು ವಾರ ಮಸ್ಕಿಯ ಗುಡ್ಡದಲ್ಲಿ ಹಳೆಯ ಕಾಲದ ರಾಜನೊಬ್ಬ ಬರೆಸಿದ ಕಲ್ಲುಬರಹ ಮಾತಿಗೆ ಬಂತು. ಊರು ನನ್ನದು, ಆದ್ದರಿಂದ ನಾನು ಅದರ ವಿರುದ್ಧ ನಿಲ್ಲಬೇಕಾಯಿತು. "ಕಲ್ಲಿನ ಮ್ಯಾಲೆ ಬರದ್ರ ಕುರಿ ಕಾಯಾವ್ಗ ಏನು ಬಂತು?" ಎಂದೆ. "ದೊಡ್ಡಾವ್ರಿಗಷ್ಟ ಅಲ್ಲ, ಸಣ್ಣಾವ್ರಿಗೂ ಒಳ್ಳೇದು ಸಿಗತೈತಿ ಅಂತ ಅದರಾಗ ಐತ್ರಿ. ಯಾರರ ಒಬ್ರು ಓದಿ ಹೇಳಿದ್ರ ಸಾಕು," ಎಂದ ಬಳಗಾನೂರಿನ ಹುಡುಗ. ನಾನು ಸೋತೆ. ಒಳಗೊಳಗೇ ಹಿಗ್ಗಿದೆ.

ಸುದ್ದಿ ದೊಡ್ಡ ಸಾಹೇಬರಿಗೆ ಮುಟ್ಟದೆ ಇರುತ್ತದೆಯೇ? ಒಂದು ಗುರುವಾರ ಅವರೇ ಅಂಗಳದಲ್ಲಿ ನಿಂತರು. ಹುಡುಗರು ಎದ್ದು ಬಿಗಿದು ನಿಂತರು.

ಅತ್ತೆ ಮಾತ್ರ ಚಾಪೆ ಹಾಸಿದರು. "ಕುಂದರ್ರಿ ಸಾಬ್. ಆದ್ರ ಇಲ್ಲಿ ಕುಂತಾವ್ರು ಎದುರಿನವ್ರ ಮಾತು ಆಡಬೇಕು. ಈ ಮಾತುಕತಿ ಯಾಕ ಇರಬೇಕು ಅನ್ನೂದು ನೀವು ಹೇಳ್ರಿ. ಬ್ಯಾಡ ಅನ್ನೂದು ಹುಡುಗ್ರು ಹೇಳ್ತಾರ."

ಸಾಹೇಬರು ಬೂಟು ಬಿಚ್ಚಿ ಚಾಪೆಯ ಮೇಲೆ ಕೂತರು. ಮುದಗಲ್ ಹುಡುಗ ಧೈರ್ಯ ಮಾಡಿ ಅವರದೇ ಠೀವಿಯಲ್ಲಿ, "ಮಾತು ಬಂದ್! ಬಾಯಿಪಾಠ ಮಾಡ್ರಿ!" ಎಂದ. ಸಾಹೇಬರ ಮೀಸೆ ಕುಣಿಯಿತು. ಉರ್ದು ಬೆರೆಸಿದ ಕನ್ನಡದಲ್ಲಿ, ತಡೆದು ತಡೆದು, ತಾವು ಬೇಡವೆಂದದ್ದನ್ನೇ ಬೇಕೆಂದು ವಾದಿಸತೊಡಗಿದರು. ಹುಕುಂ ಕೇಳುವ ಸಿಪಾಯಿಗೂ ತಲೆ ಇರಬೇಕು ಎಂದರು. ಆಡುತ್ತ ಆಡುತ್ತ ಅವರ ದನಿ ಏರಿತು. ಕೊನೆಗೆ ಹುಡುಗರು ನಕ್ಕು ಸೋಲೊಪ್ಪಿಕೊಂಡರು.

"ಗೆದ್ರಿ ಸಾಬ್," ಎಂದರು ಅತ್ತೆ.

"ನಿಮ್ಮ ಮಗ ಗೆದ್ದ, ಮಾ," ಎಂದು ಅವರು ಎದ್ದರು. ಮುಂದಿನ ವಾರದಿಂದ ಮಾತುಕತೆ ಮತ್ತೆ ಶಾಲೆಯಲ್ಲೇ ಶುರುವಾಯಿತು.

ಇದ್ದತ್ತು ಮುಗಿಸಿ ನಾನು ಅತ್ತೆಯನ್ನೂ ಕರೆದುಕೊಂಡು ಮಸ್ಕಿಗೆ ಬಂದೆ. ಹುಡುಗರು ರಜೆಯಲ್ಲಿ ಊರಿಗೆ ಹೋಗುವಾಗ ಇಳಿದು, ಯಾರು ಯಾರ ಪರ ನಿಂತರೆಂದು ಹೇಳಿ ಹೋಗುತ್ತಿದ್ದರು. ಹೊಸದಾಗಿ ಸೇರಿದವರು ನಮ್ಮವರನ್ನು ಕಂಡವರಲ್ಲ, ಆದರೂ ಅವರ ಕಟ್ಟಳೆಯಂತೆಯೇ ಮಾತಾಡುತ್ತಿದ್ದರು. ನಮ್ಮವರು ಕೇಳುತ್ತಿದ್ದ ಪ್ರಶ್ನೆಗಳೆಲ್ಲ ನನಗೆ ಈಗಲೂ ಬಾಯಿಗೆ ಬರುತ್ತವೆ. ಅವರ ದನಿ ಹೇಗಿತ್ತೆಂಬುದು ನೆನಪಿಗೆ ಬರುವುದಿಲ್ಲ.